ಮಸ್ಕಿಯ ಶಿಲಾಶಾಸನವೂ ದರ್ಶನದ ರಾಜ್ಯಪ್ರವೇಶವೂ

೧

ಅರಸನು ದಾರ್ಶನಿಕನ ಮಾತನ್ನು ಕೇಳಿ ನಡೆದನೆಂಬ ಕಥೆಗಳು ಎಲ್ಲ ದೇಶಗಳಲ್ಲಿಯೂ ಉಂಟು. ಗ್ರೀಸ್ ದೇಶದ ಪ್ಲೇಟೋವು ದಾರ್ಶನಿಕರು ದೊರೆಗಳಾಗಬೇಕು ಇಲ್ಲವೆ ದೊರೆಗಳು ದಾರ್ಶನಿಕರಾಗಬೇಕು ಎಂದು ಪ್ರತಿಪಾದಿಸಿದನು. ಸಿರಾಕ್ಯೂಸಿನ ಎರಡನೆಯ ಡಯೊನಿಸಿಯಸನ ಆಸ್ಥಾನದಲ್ಲಿ ತನ್ನ ಮತವನ್ನು ಆಚರಣೆಗೆ ತರಲೆಳಸಿ ವಿಫಲನಾಗಿ ಹಿಂದಿರುಗಿದನು. ಅರಿಸ್ಟಾಟಲನು ಅಲೆಕ್ಸಾಂಡರನಿಗೆ ಗುರುವಾಗಿದ್ದನು. ಆದರೆ ಗುರುವು ಒಂದು ನಗರದ ಅಳತೆಯ ರಾಜ್ಯವನ್ನು ಶ್ಲಾಘಿಸಿದರೆ ಶಿಷ್ಯನು ಖಂಡಗಳನ್ನೇ ದಾಟಿ ಸಾಮ್ರಾಜ್ಯವನ್ನು ಕಟ್ಟಹೋದನು. ಭಾರತದಲ್ಲಿ ಚಂದ್ರಗುಪ್ತನಿಗೆ ಚಾಣಕ್ಯನು, ಕರ್ಣಾಟಕದಲ್ಲಿ ಗಂಗರಿಗೆ ಸಿಂಹನಂದಿಯು, ಹೊಯ್ಸಳರಿಗೆ ಸುದತ್ತನು, ಸಂಗಮರ ಮಕ್ಕಳಿಗೆ ವಿದ್ಯಾರಣ್ಯನು ರಾಜ್ಯಸ್ಥಾಪನೆಗೆ ಪ್ರೇರಕರಾದರೆಂಬುದು ಪ್ರಸಿದ್ಧವಾದ ಐತಿಹ್ಯ.

ಈ ಕಥೆಗಳಲ್ಲಿ ಒಂದು ಸಮಾನವಾದ ಕೊರತೆಯಿದೆ. ಬಹುಮಟ್ಟಿಗೆ ಇವು ಹಿಂದಿನ ಕಾಲವನ್ನು ಕುರಿತು ಮುಂದಿನವರು ಹೇಳಿದುವು. ಗುರುವಿನ ಮಹಿಮೆಯನ್ನು ಶಿಷ್ಯಪರಂಪರೆಯವರೂ, ವಂಶದ ಮಹಿಮೆಯನ್ನು ಆಸ್ಥಾನದವರೂ ಬೆಳೆಸಿಕೊಂಡು ಬಂದುವು. ಉಪದೇಶವನ್ನು ಕೇಳಿದ ದೊರೆಯು ತಾನು ಏನನ್ನು ಗ್ರಹಿಸಿದೆನು, ಗ್ರಹಿಸಿದುದನ್ನು ಯಾರಿಗೆ ತಲುಪಿಸಬೇಕೆಂದು ಬಯಸಿದೆನು ಎಂಬುದನ್ನು ತನ್ನ ಬಾಯಿಂದಲೇ ನುಡಿದ ಸಾಕ್ಷ್ಯವು ಬಲು ವಿರಳ. ಅಂತಹ ಸಾಕ್ಷ್ಯವೊಂದು ರಾಯಚೂರು ಜಿಲ್ಲೆಯ ಮಸ್ಕಿಯ ಗುಡ್ಡದ ಬಂಡೆಯ ಮೇಲಿದೆ.

ಶಾಸ್ತ್ರಗ್ರಂಥಗಳ ಆರಂಭದಲ್ಲಿ ಅನುಬಂಧಚತುಷ್ಟಯವನ್ನು ವಿಚಾರಿಸುವುದು ಭಾರತೀಯ ವಿದ್ವಾಂಸರ ಸಂಪ್ರದಾಯ. ವಿಷಯವೇನು, ಪ್ರಯೋಜನವೇನು, ಸಂಬಂಧವೇನು, ಅಧಿಕಾರಿಯು ಯಾರು ಎಂಬ ಈ ನಾಲ್ಕು ಪ್ರಶ್ನೆಗಳಲ್ಲಿ ಮೊದಲನೆಯ ಮೂರನ್ನು ಕುರಿತು ರಾಜ್ಯಚರಿತ್ರೆಯನ್ನು ಬರೆದವರು ಬಹಳವಾಗಿ ಚರ್ಚಿಸಿದ್ದಾರೆ. ನಾಲ್ಕನೆಯದಕ್ಕೆ ಸಲ್ಲಬೇಕಾದಷ್ಟು ಗಮನವು ಸಂದಿಲ್ಲ. ಒಂದು ದರ್ಶನವು ಗುರುಕುಲವನ್ನು ಬಿಟ್ಟು ರಾಜ್ಯವನ್ನು ಪ್ರವೇಶಿಸಿದಾಗ ಅದರ ಫಲವನ್ನು ಮುಖ್ಯವಾಗಿ ನಿರ್ಣಯಿಸುವುದು ಅದರ ವಿಷಯದ ಔನ್ನತ್ಯವಲ್ಲ. ಅದು ಯಾರನ್ನು ಅಧಿಕಾರಿಗಳೆಂದು ಒಳಗೊಂಡಿತು, ಯಾರನ್ನು ಹೊರಗಿಟ್ಟಿತು ಎಂಬುದೇ. ಮಸ್ಕಿಯ ಸೀಮೆಯ ಚರಿತ್ರೆಯು ಇದಕ್ಕೆ ಪ್ರಾಚೀನವಾದ ಒಂದು ನಿದರ್ಶನವನ್ನೂ, ಈಚಿನದಾದ ಮತ್ತೊಂದು ನಿದರ್ಶನವನ್ನೂ ಒದಗಿಸುತ್ತದೆ.

೨

ಮಸ್ಕಿಯ ಶಾಸನವನ್ನು ೧೯೧೫ರಲ್ಲಿ ಮೊದಲು ಕಂಡವನು ಚಿನ್ನದ ಗಣಿಗಳ ಶೋಧನೆಯಲ್ಲಿ ತೊಡಗಿದ್ದ ಬೀಡನ್ ಎಂಬ ಎಂಜಿನಿಯರು. ಆಗ ಈ ಪ್ರದೇಶವು ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿದ್ದಿತು. ಶಾಸನತಜ್ಞರಾದ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಅದೇ ವರ್ಷ ಹೈದರಾಬಾದಿನ ಪುರಾತತ್ತ್ವಮಾಲೆಯಲ್ಲಿ ಪ್ರಕಟಿಸಿದರು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮೀ.

ಇದರ ಮಹತ್ತ್ವವು ತಿಳಿಯಬೇಕಾದರೆ ಅದಕ್ಕೆ ಹಿಂದಿನ ಸ್ಥಿತಿಯನ್ನು ನೆನೆಯಬೇಕು. ೧೮೩೭ರಲ್ಲಿ ಜೇಮ್ಸ್ ಪ್ರಿನ್ಸೆಪನು ಬ್ರಾಹ್ಮೀಲಿಪಿಯನ್ನು ಬಿಡಿಸಿದಾಗ ಶಾಸನಗಳಲ್ಲಿ ಕಾಣಿಸಿದುದು ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು ಮಾತ್ರ. ಈ ಪ್ರಿಯದರ್ಶಿಯು ಮೌರ್ಯ ಅಶೋಕನೇ ಎಂಬುದನ್ನು ಸಿಂಹಳದ ಪಾಲಿಗ್ರಂಥಗಳ ಆಧಾರದಿಂದ ಜಾರ್ಜ್ ಟರ್ನರನು ತೋರಿಸಿಕೊಟ್ಟನು. ಆದರೂ ಶಾಸನದಲ್ಲಿಯೇ ಆ ಹೆಸರು ದೊರೆಯದೆ ಇದ್ದುದರಿಂದ ಅದು ಊಹೆಯ ಕೋಟಿಯಲ್ಲಿಯೇ ಉಳಿದಿದ್ದಿತು. ಸುಮಾರು ೮೦ ವರ್ಷಗಳ ಮೇಲೆ ಮಸ್ಕಿಯ ಬಂಡೆಯಲ್ಲಿ ದೇವಾನಾಂಪ್ರಿಯ ಎಂಬುದರ ಜೊತೆಗೆ ಅಶೋಕ ಎಂಬ ಹೆಸರು ಸ್ಪಷ್ಟವಾಗಿ ದೊರೆತು, ಊಹೆಯು ಸಿದ್ಧಾಂತವಾಯಿತು. ಅನಂತರ ಮಧ್ಯಪ್ರದೇಶದ ಗುಜರ್ರಾದಲ್ಲಿಯೂ, ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉದೇಗೋಳಗಳಲ್ಲಿಯೂ ಆ ಹೆಸರುಳ್ಳ ಶಾಸನಗಳು ಬೆಳಕಿಗೆ ಬಂದುವು. ಮೊದಲನೆಯದೆಂಬ ಗೌರವವು ಮಸ್ಕಿಯದು.

ಕರ್ಣಾಟಕದಲ್ಲಿ ಅಶೋಕನ ಶಾಸನಗಳು ದೊರೆತಿರುವ ಸ್ಥಳಗಳು ಒಂದೆರಡಲ್ಲ. ೧೮೯೨ರಲ್ಲಿ ಬಿ. ಎಲ್. ರೈಸರು ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಮೂರನ್ನು ಕಂಡುಹಿಡಿದರು. ೧೯೩೧ರಲ್ಲಿ ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳ ಶಾಸನಗಳು ಗೊತ್ತಾದುವು. ೧೯೮೦ರ ದಶಕದ ಕೊನೆಯಲ್ಲಿ ಭೀಮಾನದಿಯ ದಡದ ಸನ್ನತಿಯಲ್ಲಿ, ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ, ದೇವತೆಯ ಪೀಠವಾಗಿದ್ದ ಕಲ್ಲಿನಲ್ಲಿಯೇ ಅಶೋಕನ ಲೇಖಗಳು ಕಾಣಿಸಿದುವು. ಹೀಗೆ ಒಂದು ದರ್ಶನದ ರಾಜ್ಯಪ್ರವೇಶವನ್ನು ಪರೀಕ್ಷಿಸುವುದಕ್ಕೆ ಕನ್ನಡನಾಡಿನಲ್ಲಿಯೇ ಹೇರಳವಾದ ಸಾಮಗ್ರಿಯುಂಟು.

೩

ಮಸ್ಕಿಯ ಶಾಸನದ ತಾತ್ಪರ್ಯವಿದು. ಬೌದ್ಧಧರ್ಮದ ಅನುಯಾಯಿಯಾಗಿ ಎರಡೂವರೆ ವರ್ಷಕ್ಕೂ ಮೇಲಾಯಿತೆಂದೂ, ಈಚೆಗೆ ತಾನು ಸಂಘವನ್ನು ಸಮೀಪಿಸಿ ಹೆಚ್ಚಿನ ಉತ್ಸಾಹದಿಂದ ನಡೆಯುತ್ತಿರುವನೆಂದೂ ದೊರೆಯು ತಿಳಿಸುತ್ತಾನೆ. ಹಿಂದೆ ಜಂಬೂದ್ವೀಪದಲ್ಲಿ ಮನುಷ್ಯರೊಡನೆ ಬೆರೆಯದಿದ್ದ ದೇವತೆಗಳು ಈಗ ಬೆರೆತರೆಂದು ಹೇಳುತ್ತಾನೆ. ಆಮೇಲೆ ಬರುವುದೇ ಮುಖ್ಯವಾದ ಮಾತು: ಧರ್ಮದಲ್ಲಿ ತೊಡಗಿದ ಚಿಕ್ಕವನೂ ಈ ಫಲವನ್ನು ಪಡೆಯಬಲ್ಲನು, ದೊಡ್ಡವನಿಗೆ ಮಾತ್ರವೇ ಇದು ಸಾಧ್ಯವೆಂದು ತಿಳಿಯಬಾರದು, ಈ ವಿಷಯವನ್ನು ಚಿಕ್ಕವರಿಗೂ ದೊಡ್ಡವರಿಗೂ ತಿಳಿಸಬೇಕು.

ಇಲ್ಲಿ ಬಳಸಿರುವ ಪದಗಳು ಖುದಕ, ಉಡಾಲಕ ಎಂಬುವು. ಮೊದಲನೆಯದು ಸಂಸ್ಕೃತದ ಕ್ಷುದ್ರಕ; ಎರಡನೆಯದು ಉದಾರಕ. ಬ್ರಹ್ಮಗಿರಿಯ ಪಾಠದಲ್ಲಿ ದೊಡ್ಡವನಿಗೆ ಮಹಾತ್ಮನೆಂಬ ಅರ್ಥದ ಪದವೇ ಇದೆ. ಕ್ಷುದ್ರಶಬ್ದವು ಮುಂದೆ ನೀಚಾರ್ಥಕ್ಕೆ ತಿರುಗಿದರೂ ಇಲ್ಲಿ ಆ ಅರ್ಥವಿಲ್ಲ. ಸ್ಥಾನಮಾನಗಳಲ್ಲಿ ಸಣ್ಣವನು ಎಂದಿಷ್ಟೇ ಅಭಿಪ್ರಾಯ. ದೊರೆಯೊಬ್ಬನು ತನ್ನ ಶಾಸನದಲ್ಲಿ ಅಂತಹವನನ್ನು ದೊಡ್ಡವನಿಗಿಂತ ಮೊದಲು ಹೆಸರಿಸಿ, ದೊಡ್ಡವನಿಗೆ ಲಭ್ಯವಾದ ಶ್ರೇಯಸ್ಸಿಗೆ ಇವನನ್ನೂ ಅಧಿಕಾರಿಯೆಂದು ಸಾರಿದುದು ಅಲ್ಪವಾದ ಸಂಗತಿಯಲ್ಲ.

ಈ ವಿಚಾರವು ಅಶೋಕನ ಸ್ವಂತದ್ದೇನೂ ಅಲ್ಲ. ಬುದ್ಧನ ಸಂಘದಲ್ಲಿ ಕ್ಷೌರಿಕನಾಗಿದ್ದ ಉಪಾಲಿಯು ಶಾಕ್ಯಕುಮಾರರೊಡನೆ ಪ್ರವ್ರಜ್ಯೆಯನ್ನು ಪಡೆದನೆಂದೂ, ವಿನಯವನ್ನು ಬಲ್ಲವರಲ್ಲಿ ಅಗ್ರಗಣ್ಯನಾದನೆಂದೂ ಪಾಲಿಪರಂಪರೆಯು ಹೇಳುತ್ತದೆ. ಆದರೆ ಸಂಘದೊಳಗೆ ಸಲ್ಲುತ್ತಿದ್ದ ನಿಯಮವೊಂದು ಸಂಘದ ಹೊರಗಿನ ಸಮಸ್ತ ಪ್ರಜೆಗಳಿಗೂ ರಾಜಾಜ್ಞೆಯಾಗಿ ಹೊರಟುದು ಇದೇ ಮೊದಲು. ದರ್ಶನವು ರಾಜ್ಯವನ್ನು ಪ್ರವೇಶಿಸಿದ ಕ್ಷಣವನ್ನು ಬೆರಳಿಟ್ಟು ತೋರಿಸಬೇಕಾದರೆ ಅದು ಇಲ್ಲಿಯೇ.

೪

ಅಶೋಕನು ಬುದ್ಧನಿಂದ ಏನನ್ನು ತೆಗೆದುಕೊಂಡನೆಂಬುದರಷ್ಟೇ ಏನನ್ನು ಬಿಟ್ಟನೆಂಬುದೂ ವಿಚಾರಾರ್ಹ. ಅವನ ಶಾಸನಗಳಲ್ಲಿ ನಿರ್ವಾಣದ ಪ್ರಸ್ತಾಪವಿಲ್ಲ, ನಾಲ್ಕು ಆರ್ಯಸತ್ಯಗಳಿಲ್ಲ, ಅಷ್ಟಾಂಗಮಾರ್ಗವಿಲ್ಲ. ಅವನಿಗೆ ಇವು ತಿಳಿಯದೆ ಇದ್ದುವೆಂದು ಹೇಳುವಂತಿಲ್ಲ. ಬೈರಾಟಿನ ಶಾಸನದಲ್ಲಿ ಭಿಕ್ಷುಗಳೂ ಉಪಾಸಕರೂ ಕೇಳಿ ಮನನಮಾಡಬೇಕಾದ ಏಳು ಧರ್ಮಪಾಠಗಳನ್ನು ಅವನೇ ಹೆಸರಿಸಿದ್ದಾನೆ. ಸಂಘಕ್ಕೆ ಬರೆದಾಗ ಒಂದು ಬಗೆ, ಪ್ರಜೆಗಳಿಗೆ ಬರೆದಾಗ ಇನ್ನೊಂದು ಬಗೆ. ಪ್ರಜೆಗಳಿಗೆ ಹೇಳಿದುದು ತಾಯಿತಂದೆಗಳ ಶುಶ್ರೂಷೆ, ಪ್ರಾಣಿಗಳಲ್ಲಿ ದಯೆ, ಸತ್ಯವಚನ, ಗುರುಗಳಲ್ಲಿ ಗೌರವ ಇವಿಷ್ಟನ್ನೇ. ಬ್ರಹ್ಮಗಿರಿಯ ಶಾಸನವು ಇವನ್ನು ಪುರಾತನವಾದ ನಡೆವಳಿಯೆಂದೇ ಕರೆಯುತ್ತದೆ. ಯಾವ ಪಂಥದವನೂ ಅಲ್ಲಗಳೆಯಲಾರದ ಅಂಶಗಳನ್ನು ಆಯ್ದು, ಯಾವ ಪಂಥದವನಾದರೂ ಅಧಿಕಾರಿಯಾಗಬಹುದಾದ ಧರ್ಮವನ್ನು ಅವನು ರೂಪಿಸಿದನು.

ಇದನ್ನು ವಿಚಾರಶುದ್ಧಿಯ ನಾಶವೆಂದು ಆಕ್ಷೇಪಿಸಬಹುದು. ದರ್ಶನದ ತಿರುಳನ್ನು ಬಿಟ್ಟು ನೀತಿಯ ಸಿಪ್ಪೆಯನ್ನು ಹಂಚಿದಂತಾಯಿತಲ್ಲವೆ ಎಂಬುದು ಪೂರ್ವಪಕ್ಷ. ಇದಕ್ಕೆ ಸಮಾಧಾನವು ಹೀಗೆ: ದಾರ್ಶನಿಕನು ಒಪ್ಪಿಬಂದ ಶಿಷ್ಯನಿಗೆ ಹೇಳುತ್ತಾನೆ, ದೊರೆಯ ಮಾತಾದರೋ ಒಪ್ಪದವರ ಮೇಲೂ ಬೀಳುತ್ತದೆ. ಶಿಷ್ಯನು ಗುರುಕುಲವನ್ನು ಬಿಟ್ಟುಹೋಗಬಹುದು. ಪ್ರಜೆಯು ರಾಜ್ಯವನ್ನು ಬಿಟ್ಟುಹೋಗುವುದು ಸುಲಭವಲ್ಲ. ಆದಕಾರಣ ದಾರ್ಶನಿಕನಿಗೆ ಗುಣವಾದ ಸಂಪೂರ್ಣತೆಯು ದೊರೆಯಲ್ಲಿ ದೋಷವಾಗುವ ಸಂಭವವುಂಟು. ಅಶೋಕನ ಸಂಯಮವು ಈ ಭೇದವನ್ನು ತಿಳಿದವನ ಸಂಯಮ.

ಅವನು ಹಳೆಯ ರಾಜನೀತಿಯ ಶಬ್ದವೊಂದಕ್ಕೆ ಹೊಸ ಅರ್ಥವನ್ನು ಕೊಟ್ಟ ಬಗೆಯೂ ಗಮನಾರ್ಹ. ೧೯೦೫ರಲ್ಲಿ ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ಆರ್. ಶಾಮಶಾಸ್ತ್ರಿಗಳಿಗೆ ದೊರೆತು, ೧೯೦೯ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಧರ್ಮವಿಜಯಿ, ಲೋಭವಿಜಯಿ, ಅಸುರವಿಜಯಿ ಎಂದು ಗೆಲ್ಲುವ ದೊರೆಗಳಲ್ಲಿ ಮೂರು ಬಗೆ ಹೇಳಿದೆ. ಶತ್ರುವು ಶರಣಾದರೆ ತೃಪ್ತನಾಗುವವನು ಮೊದಲನೆಯವನು. ಭೂಮಿಯನ್ನೂ ಧನವನ್ನೂ ಕಸಿಯುವವನು ಎರಡನೆಯವನು. ಮಡದಿಮಕ್ಕಳನ್ನೂ ಪ್ರಾಣವನ್ನೂ ಅಪಹರಿಸುವವನು ಮೂರನೆಯವನು. ಈಗಿರುವ ರೂಪದಲ್ಲಿ ಆ ಗ್ರಂಥವು ಮೌರ್ಯರಿಗಿಂತ ಈಚಿನದೆಂದು ಹಲವರು ವಿದ್ವಾಂಸರು ವಾದಿಸಿರುವುದರಿಂದ, ಅಶೋಕನು ಅದನ್ನು ಓದಿದ್ದನೆಂದು ಹೇಳುವುದು ಯುಕ್ತವಲ್ಲ. ಆದರೆ ಈ ವರ್ಗೀಕರಣದ ಹಿಂದಿರುವ ಭಾವನೆಯು ನೀತಿಶಾಸ್ತ್ರದ ಪರಂಪರೆಗೆ ಸಹಜವಾದುದು: ಅಲ್ಲಿ ಧರ್ಮವಿಜಯವೂ ಸೈನ್ಯದಿಂದಾದ ವಿಜಯವೇ, ಸೌಮ್ಯವಾದುದು ಮಾತ್ರ. ಇತ್ತ ಬೌದ್ಧರ ದೀಘನಿಕಾಯದಲ್ಲಿ ದಂಡಶಸ್ತ್ರಗಳಿಲ್ಲದೆ ಧರ್ಮದಿಂದಲೇ ಭೂಮಿಯನ್ನು ಗೆಲ್ಲುವ ಚಕ್ರವರ್ತಿಯ ಕಲ್ಪನೆಯಿದೆ; ಅದು ಕಥಾಲೋಕದ ಆದರ್ಶ. ಅಶೋಕನು ಇವೆರಡರ ನಡುವೆ ಮೂರನೆಯದೊಂದನ್ನು ನಿಲ್ಲಿಸಿದನು. ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆ, ಔಷಧದ ಗಿಡಮೂಲಿಕೆಗಳ ನೆಡುವಿಕೆ, ದಾರಿಗಳಲ್ಲಿ ಬಾವಿ, ಮರ ಇವುಗಳಿಂದ ಪರರಾಜ್ಯಗಳ ಜನರ ಪ್ರೀತಿಯನ್ನು ಪಡೆಯುವುದೇ ಅವನ ಧರ್ಮವಿಜಯವಾಯಿತು.

ಆದರೂ ಅವನನ್ನು ಸಂನ್ಯಾಸಿಯೆಂದು ಭಾವಿಸಬಾರದು. ಕಳಿಂಗಯುದ್ಧದಲ್ಲಿ ೧೫೦,೦೦೦ ಜನರು ಸೆರೆಯಾಗಿ ಒಯ್ಯಲ್ಪಟ್ಟರು, ೧೦೦,೦೦೦ ಜನರು ಹತರಾದರು, ಅದಕ್ಕೂ ಹಲವು ಮಡಿ ಜನರು ಸತ್ತರು ಎಂದು ಹದಿಮೂರನೆಯ ಶಿಲಾಶಾಸನದಲ್ಲಿ ಪಶ್ಚಾತ್ತಾಪದಿಂದ ಒಪ್ಪಿಕೊಂಡವನು ಕಳಿಂಗವನ್ನು ಹಿಂದಿರುಗಿಸಲಿಲ್ಲ. ಅದೇ ಶಾಸನದಲ್ಲಿ ಅಟವಿಯ ಜನರಿಗೆ, ಪಶ್ಚಾತ್ತಾಪಪಟ್ಟರೂ ತನಗೆ ಬಲವುಂಟೆಂಬ ಎಚ್ಚರಿಕೆಯಿದೆ. ಮರಣದಂಡನೆಯನ್ನು ತೆಗೆದುಹಾಕದೆ, ದಂಡಿತರಿಗೆ ಮೂರು ದಿನಗಳ ಅವಧಿಯನ್ನು ಕೊಟ್ಟುದಷ್ಟೇ ಸ್ತಂಭಶಾಸನದಿಂದ ತಿಳಿಯುತ್ತದೆ. ದರ್ಶನವು ದೊರೆಯನ್ನು ಬದಲಾಯಿಸಿತು. ರಾಜ್ಯವೆಂಬ ಯಂತ್ರದ ಸ್ವಭಾವವನ್ನು ಪೂರ್ಣವಾಗಿ ಬದಲಾಯಿಸಲಾರದೆ ಹೋಯಿತು.

೫

ಬಂಡೆಯ ಮೇಲೆ ಬರೆದ ಮಾತು ಓದಲಾರದವನನ್ನು ತಲುಪುವುದು ಹೇಗೆ? ಇಲ್ಲಿ ಅಧಿಕಾರಿ ಎಂಬ ಶಬ್ದದ ಎರಡನೆಯ ಅರ್ಥವು, ಎಂದರೆ ಸರ್ಕಾರದ ಅಧಿಕಾರಿ ಎಂಬುದು, ಮುಂದೆ ಬರುತ್ತದೆ. ಬ್ರಹ್ಮಗಿರಿಯ ಶಾಸನವು ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಆಜ್ಞೆಯ ರೂಪದಲ್ಲಿದೆ. ಕ್ಷೇಮಸಮಾಚಾರವನ್ನು ಕೇಳಿ ಅನಂತರ ವಿಷಯಕ್ಕೆ ಬರುವ ಆ ಒಕ್ಕಣೆಯು ಕಚೇರಿಯ ಪತ್ರವ್ಯವಹಾರದ್ದೇ. ಅದನ್ನು ಬರೆದ ಚಪಡನು ತನ್ನ ವೃತ್ತಿನಾಮವನ್ನು ವಾಯವ್ಯದ ಖರೋಷ್ಠೀಲಿಪಿಯಲ್ಲಿ ಸೇರಿಸಿದ್ದಾನೆ. ಆಂಧ್ರದ ಎರ್ರಗುಡಿಯ ಪಾಠದಲ್ಲಿ ರಜ್ಜುಕನೆಂಬ ಅಧಿಕಾರಿಯ ಮೂಲಕ ಜಾನಪದರಿಗೆ ಭೇರಿಯನ್ನು ಹೊಡೆಯಿಸಿ ತಿಳಿಸುವ ಏರ್ಪಾಟನ್ನು ಹೇಳಿದೆ. ಹೀಗೆ ಮಗಧದಲ್ಲಿ ಹುಟ್ಟಿದ ವಿಚಾರವು ರಾಜಕುಮಾರ, ಮಹಾಮಾತ್ರ, ರಜ್ಜುಕ, ಲಿಪಿಕಾರರ ಕೈಗಳನ್ನು ದಾಟಿ ತುಂಗಭದ್ರೆಯ ಸೀಮೆಗೆ ಬಂದಿತು.

ಸುವರ್ಣಗಿರಿಯು ಎಲ್ಲಿಯದೆಂಬುದರಲ್ಲಿ ಒಮ್ಮತವಿಲ್ಲ. ಕೆಲವರು ಮಸ್ಕಿಯನ್ನೂ, ಕೆಲವರು ಅದರ ನೆರೆಯ ಕನಕಗಿರಿಯನ್ನೂ, ಮತ್ತೆ ಕೆಲವರು ಎರ್ರಗುಡಿಗೆ ಸಮೀಪದ ಜೊನ್ನಗಿರಿಯನ್ನೂ ಸೂಚಿಸಿದ್ದಾರೆ. ಎಲ್ಲವೂ ಚಿನ್ನವಿರುವ ಪ್ರದೇಶಗಳಲ್ಲಿಯೇ ಇವೆಯೆಂಬುದು ಮಾತ್ರ ನಿಶ್ಚಿತ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಪ್ರಾಚೀನರು ಚಿನ್ನಕ್ಕಾಗಿ ನೆಲವನ್ನು ಬಹು ಆಳಕ್ಕೆ ಅಗೆದ ಗುರುತುಗಳಿವೆ. ಶಾಸನವನ್ನು ಕಂಡವನೂ ಗಣಿಯ ಎಂಜಿನಿಯರೇ. ಮೌರ್ಯರನ್ನು ಈ ದೂರದ ಸೀಮೆಗೆ ಎಳೆತಂದುದು ಧರ್ಮವಲ್ಲ, ಚಿನ್ನವೆಂದು ಅನುಮಾನಿಸುವುದಕ್ಕೆ ಸಾಕಷ್ಟು ಆಸ್ಪದವುಂಟು. ಇದರಿಂದ ಶಾಸನದ ಬೆಲೆಯು ಕುಂದುವುದಿಲ್ಲ. ದರ್ಶನವು ರಾಜ್ಯದೊಳಗೆ ಬರಿಯ ಕೈಯಲ್ಲಿ ಬರುವುದಿಲ್ಲ. ಬೊಕ್ಕಸದ ದಾರಿಯಲ್ಲಿಯೇ ನಡೆದು ಬರುತ್ತದೆ. ಗಣಿಯಲ್ಲಿ ದುಡಿಯುವ ಸೀಮೆಯ ಚಿಕ್ಕವನಿಗೆ ಅದೇ ದಾರಿಯಲ್ಲಿ ಬಂದ ದೊರೆಯು, ನೀನೂ ಶ್ರೇಯಸ್ಸಿಗೆ ಅರ್ಹನು ಎಂದು ಹೇಳಿದನೆಂಬುದೇ ವಿಶೇಷ.

ಅಧಿಕಾರವರ್ಗದವರು ವಿಚಾರವನ್ನು ಕೆಡಿಸಬಲ್ಲರೆಂಬುದನ್ನೂ ಅಶೋಕನು ಬಲ್ಲವನಾಗಿದ್ದನು. ಸನ್ನತಿಯ ಶಿಲೆಯಲ್ಲಿ ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಶಾಸನಗಳೊಡನೆ, ಕಳಿಂಗದ ಧೌಲಿ ಜೌಗಡಗಳಲ್ಲಿರುವ ಎರಡು ಪ್ರತ್ಯೇಕಶಾಸನಗಳೂ ದೊರೆತಿವೆ. ಪ್ರಜೆಗಳೆಲ್ಲರೂ ತನಗೆ ಮಕ್ಕಳೆಂದು ಹೇಳಿ, ನಿಷ್ಕಾರಣವಾಗಿ ಯಾರಿಗೂ ಬಂಧನವಾಗಲಿ ಹಿಂಸೆಯಾಗಲಿ ಆಗದಂತೆ ನೋಡಿಕೊಳ್ಳಬೇಕೆಂದು ನಗರದ ನ್ಯಾಯಾಧಿಕಾರಿಗಳಿಗೆ ವಿಧಿಸಿ, ಅಸೂಯೆ, ಕೋಪ, ನಿಷ್ಠುರತೆ, ಆಲಸ್ಯ ಮೊದಲಾದುವು ನ್ಯಾಯಕ್ಕೆ ಅಡ್ಡಿಯೆಂದು ಎಚ್ಚರಿಸಿ, ಐದು ವರ್ಷಗಳಿಗೊಮ್ಮೆ ತನಿಖೆಗೆ ಮೃದುಸ್ವಭಾವದ ಅಧಿಕಾರಿಯನ್ನು ಕಳುಹಿಸುವೆನೆಂದು ಅವುಗಳಲ್ಲಿ ಹೇಳಿದೆ. ಕರುಣೆಯೆಂಬ ಭಾವವು ತನಿಖೆಯೆಂಬ ನಿಯಮವಾಗದಿದ್ದರೆ ಚಿಕ್ಕವನಿಗೆ ಅದರಿಂದ ಪ್ರಯೋಜನವಿಲ್ಲವೆಂಬ ತಿಳಿವಳಿಕೆಯು ಇಲ್ಲಿ ಕಾಣುತ್ತದೆ.

೬

ಮೌರ್ಯಸಾಮ್ರಾಜ್ಯವು ಅಳಿಯಿತು, ಬ್ರಾಹ್ಮೀಲಿಪಿಯನ್ನು ಓದಬಲ್ಲವರೂ ಇಲ್ಲವಾದರು. ಧರ್ಮವಿಜಯವನ್ನು ಸಾರಿದ ಈ ಸೀಮೆಯು ಶಸ್ತ್ರವಿಜಯಗಳ ರಂಗವಾಯಿತು. ಹನ್ನೊಂದನೆಯ ಶತಮಾನದ ಮೊದಲ ಭಾಗದಲ್ಲಿ ಚಾಲುಕ್ಯ ಜಯಸಿಂಹನಿಗೂ ರಾಜೇಂದ್ರಚೋಳನಿಗೂ ಯುದ್ಧವು ನಡೆದ ಮುಶಂಗಿಯು ಈ ಮಸ್ಕಿಯೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಕೃಷ್ಣಾ ತುಂಗಭದ್ರೆಗಳ ನಡುವಣ ದೋಆಬಿಗಾಗಿ ವಿಜಯನಗರದವರೂ ಬಹಮನಿಗಳೂ ಅನಂತರ ಬಿಜಾಪುರದವರೂ ಕಾದಿದರು; ೧೫೨೦ರ ರಾಯಚೂರಿನ ಯುದ್ಧವು ಅವುಗಳಲ್ಲಿ ಪ್ರಸಿದ್ಧವಾದುದು.

ಆದರೂ ಚಿಕ್ಕವನ ಅಧಿಕಾರದ ವಿಚಾರವು ಕನ್ನಡನಾಡಿನಲ್ಲಿ ಮತ್ತೊಂದು ದಿಕ್ಕಿನಿಂದ ತಲೆಯೆತ್ತಿತು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಕಳಚುರ್ಯ ಬಿಜ್ಜಳನ ಆಳ್ವಿಕೆಯಲ್ಲಿ ಬಸವಣ್ಣನವರೂ ಅವರೊಡನಿದ್ದ ಶರಣರೂ ಕಾಯಕವನ್ನು ಮಾಡುವ ಎಲ್ಲರಿಗೂ ಶಿವಪಥದಲ್ಲಿ ಸಮಾನವಾದ ಸ್ಥಾನವುಂಟೆಂದು ಸಾರಿದರು. ಮಾದಾರ, ಡೋಹರ, ಮಡಿವಾಳ, ಅಂಬಿಗರು ತಾವೇ ವಚನಕಾರರಾದರು. ಅಶೋಕನಲ್ಲಿ ವಿಚಾರವು ಸಿಂಹಾಸನದಿಂದ ಚಿಕ್ಕವನ ಕಡೆಗೆ ಇಳಿಯಿತು. ಕಲ್ಯಾಣದಲ್ಲಿ ಅದು ಚಿಕ್ಕವನಿಂದ ಸಿಂಹಾಸನದ ಕಡೆಗೆ ಏರಿತು. ಇಳಿದು ಬಂದ ವಿಚಾರವನ್ನು ರಾಜ್ಯವು ತಾನೇ ಹೊತ್ತು ತಂದಿತು. ಏರಿಹೋದುದನ್ನು ರಾಜ್ಯವು ಸಹಿಸಲಿಲ್ಲ. ಮಧುವರಸ ಹರಳಯ್ಯಗಳ ಮನೆತನಗಳ ವಿವಾಹಸಂಬಂಧದಿಂದ ಉಂಟಾದ ಶಿಕ್ಷೆಯನ್ನೂ, ಅನಂತರದ ಕ್ಷೋಭೆಯನ್ನೂ ಪರಂಪರೆಯು ನೆನೆಯುತ್ತದೆ. ರಾಜನ ಶಾಸನವು ಲಿಪಿಯೊಡನೆ ಮರೆತುಹೋದರೆ, ಶರಣರ ವಚನವು ಜನರ ನಾಲಗೆಯಲ್ಲಿ ಉಳಿಯಿತು. ದರ್ಶನವು ಬಾಳುವುದಕ್ಕೆ ರಾಜಾಶ್ರಯವೇ ಬೇಕೆಂಬ ಮತವನ್ನು ಇದು ಖಂಡಿಸುತ್ತದೆ.

ರಾಜ್ಯವೂ ಕೆಲವೊಮ್ಮೆ ಈ ವಿವೇಕವನ್ನು ಮರಳಿ ತೋರಿತು. ೧೩೬೮ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವಿವಾದವು ಉಂಟಾದಾಗ ವಿಜಯನಗರದ ಬುಕ್ಕರಾಯನು ಎರಡು ದರ್ಶನಗಳಿಗೂ ಭೇದವಿಲ್ಲವೆಂದು ನಿರ್ಣಯಿಸಿದುದು ಶ್ರವಣಬೆಳಗೊಳದ ಶಾಸನದಲ್ಲಿದೆ. ಅಲ್ಲಿ ದೊರೆಯು ಯಾವ ಮತವು ಸತ್ಯವೆಂಬ ವಿಚಾರಕ್ಕೆ ಕೈಹಾಕಲಿಲ್ಲ. ಇಬ್ಬರೂ ರಕ್ಷಣೆಗೆ ಅಧಿಕಾರಿಗಳೆಂಬುದನ್ನು ಮಾತ್ರ ನಿರ್ಣಯಿಸಿದನು.

೭

ಇಪ್ಪತ್ತನೆಯ ಶತಮಾನದಲ್ಲಿ ಅಶೋಕನ ವಿಚಾರವು ಮತ್ತೊಮ್ಮೆ ರಾಜ್ಯವನ್ನು ಪ್ರವೇಶಿಸಿತು. ೧೯೪೭ರ ಜುಲೈ ೨೨ರಂದು ಸಂವಿಧಾನಸಭೆಯು ಅಶೋಕನ ಚಕ್ರವುಳ್ಳ ಧ್ವಜವನ್ನು ಅಂಗೀಕರಿಸಿತು. ಹಿಂದೆ ಮೈಸೂರಿನ ಮಹಾರಾಜರ ಕಾಲೇಜಿನಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸರ್ವಪಲ್ಲಿ ರಾಧಾಕೃಷ್ಣನ್ನರು ಆ ದಿನ ಸಭೆಯಲ್ಲಿ ಚಕ್ರವು ಧರ್ಮದ ಸಂಕೇತವೆಂದು ವಿವರಿಸಿದರು. ೧೯೫೦ರ ಜನವರಿ ೨೬ರಂದು ಸಾರನಾಥದ ಸಿಂಹಶೀರ್ಷವು ರಾಜ್ಯಲಾಂಛನವಾಯಿತು. ಅಶೋಕನ ಹೆಸರನ್ನು ಮೊದಲು ಬೆಳಕಿಗೆ ತಂದ ಮಸ್ಕಿಯಾದರೋ ೧೯೪೭ರ ಆಗಸ್ಟ್ ೧೫ರಂದು ಆ ಧ್ವಜದ ಕೆಳಗೆ ಇರಲಿಲ್ಲ. ನಿಜಾಮರ ರಾಜ್ಯವು ೧೯೪೮ರ ಸೆಪ್ಟೆಂಬರ್ ೧೭ರಂದು ಶರಣಾದ ಮೇಲೆ ಅದು ಭಾರತಕ್ಕೂ, ೧೯೫೬ರ ನವೆಂಬರ್ ೧ರಂದು ಕನ್ನಡ ರಾಜ್ಯಕ್ಕೂ ಸೇರಿತು.

ಅದೇ ಕಾಲದಲ್ಲಿ ಬೇರೊಂದು ವಿಚಾರವೂ ರಾಜ್ಯರೂಪವನ್ನು ತಾಳಿತು. ಮತವೇ ರಾಷ್ಟ್ರತ್ವಕ್ಕೆ ಆಧಾರವೆಂಬುದು ಅದರ ಸಾರ. ಅದನ್ನು ಮುಂದಿಟ್ಟವರು ಹಲವರು; ಒಂದೇ ಸಮುದಾಯಕ್ಕೆ ಸೇರಿದವರೂ ಅಲ್ಲ. ಅವರಲ್ಲಿ ದಾರ್ಶನಿಕನೆಂಬ ಹೆಸರಿಗೆ ನಿಜವಾಗಿ ಅರ್ಹನಾದವನು ಕವಿ ಮುಹಮ್ಮದ್ ಇಕ್ಬಾಲನು. ಪಾರಸಿಕ ದೇಶದ ತತ್ತ್ವಚಿಂತನೆಯ ಬೆಳವಣಿಗೆಯನ್ನು ಕುರಿತ ಪ್ರಬಂಧಕ್ಕಾಗಿ ಮ್ಯೂನಿಕ್ ವಿಶ್ವವಿದ್ಯಾನಿಲಯದಿಂದ ಪದವಿಯನ್ನು ಪಡೆದಿದ್ದ ಅವನು, ೧೯೩೦ರ ಡಿಸೆಂಬರಿನಲ್ಲಿ ಅಲಹಾಬಾದಿನ ಮುಸ್ಲಿಂ ಲೀಗಿನ ಅಧಿವೇಶನದ ಅಧ್ಯಕ್ಷಭಾಷಣದಲ್ಲಿ ಪಂಜಾಬು, ವಾಯವ್ಯ ಗಡಿನಾಡು, ಸಿಂಧ, ಬಲೂಚಿಸ್ತಾನಗಳು ಒಂದೇ ರಾಜ್ಯವಾಗಬೇಕೆಂಬ ಅಭಿಲಾಷೆಯನ್ನು ಹೇಳಿದನು. ಬಂಗಾಳವನ್ನು ಆ ಪಟ್ಟಿಯಲ್ಲಿ ಅವನು ಸೇರಿಸಿರಲಿಲ್ಲ. ೧೯೩೮ರಲ್ಲಿ ಅವನು ತೀರಿಕೊಂಡನು. ೧೯೪೦ರ ಲಾಹೋರಿನ ನಿರ್ಣಯವು ಪೂರ್ವದ ಪ್ರದೇಶಗಳನ್ನೂ ಒಳಗೊಂಡಿತು. ೧೯೪೭ರಲ್ಲಿ ಬಂಗಾಳವು ಇಬ್ಭಾಗವಾಯಿತು. ದಾರ್ಶನಿಕನು ಎಳೆದ ಗೆರೆಯಲ್ಲಿ ವಿಚಾರವು ನಿಲ್ಲುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಡ.

ಆ ವಿಭಜನೆಯ ಫಲವು ಮಸ್ಕಿಯ ನೆರೆಗೂ ಬಂದಿತು. ತುಂಗಭದ್ರೆಯ ಎಡದಂಡೆಯ ಕಾಲುವೆಯಿಂದ ನೀರಾವರಿಯಾದ ಸಿಂಧನೂರಿನ ಸೀಮೆಯಲ್ಲಿ ಹೊರಗಿನಿಂದ ಬಂದು ನೆಲಸಿದವರ ಊರುಗಳನ್ನು ಕ್ಯಾಂಪು ಎಂದು ಕರೆಯುವುದು ವಾಡಿಕೆ. ಅವುಗಳಲ್ಲಿ ಆರ್.ಎಚ್. ಕ್ಯಾಂಪುಗಳೆಂಬುವು ಪೂರ್ವಪಾಕಿಸ್ತಾನವನ್ನು ಬಿಟ್ಟುಬಂದ ಬಂಗಾಳಿ ಕುಟುಂಬಗಳಿಗಾಗಿ ಸರ್ಕಾರವು ಏರ್ಪಡಿಸಿದುವು. ಆ ಎರಡು ಅಕ್ಷರಗಳು ಪುನರ್ವಸತಿ ಎಂಬರ್ಥದ ಇಂಗ್ಲೀಷು ಪದದ ಸಂಕ್ಷೇಪ. ಊರಿಗೆ ದೇವರ ಹೆಸರಾಗಲಿ ಕೆರೆಯ ಹೆಸರಾಗಲಿ ಬರದೆ ಕಡತದ ಸಂಕ್ಷೇಪವೂ ಒಂದು ಸಂಖ್ಯೆಯೂ ಹೆಸರಾಗಿ ನಿಂತಿವೆ. ಪದ್ಮಾನದಿಯ ಬಯಲಿನ ಭಾಷೆಯು ತುಂಗಭದ್ರೆಯ ಕಾಲುವೆಯ ಬದಿಯಲ್ಲಿ ಕೇಳಿಬರುತ್ತದೆ. ಇವರು ಯಾವ ದಾರ್ಶನಿಕನ ಗ್ರಂಥವನ್ನೂ ಓದಿ ಹೊರಟವರಲ್ಲ. ಮಸ್ಕಿಯ ಶಾಸನದ ಭಾಷೆಯಲ್ಲಿ ಹೇಳುವುದಾದರೆ ಖುದಕರು. ಒಂದು ವಿಚಾರವು ರಾಜ್ಯವಾದಾಗ ಅದರಲ್ಲಿ ತಮಗೆ ಅಧಿಕಾರವಿಲ್ಲವೆಂದು ಕಂಡುಕೊಂಡವರು. ೧೯೭೧ರಲ್ಲಿ ಅದೇ ಪೂರ್ವಬಂಗಾಳವು ಬಾಂಗ್ಲಾದೇಶವಾಗಿ ಬೇರ್ಪಟ್ಟುದು, ಮತವೊಂದೇ ರಾಷ್ಟ್ರವನ್ನು ಹಿಡಿದಿಡಲಾರದೆಂಬುದನ್ನು ಆ ವಿಚಾರದ ನೆಲದಲ್ಲಿಯೇ ತೋರಿಸಿತು.

೮

ಇಷ್ಟು ವಿಚಾರದಿಂದ ಸಿದ್ಧಪಡುವ ಅಂಶಗಳನ್ನು ಸಂಗ್ರಹಿಸಬಹುದು. ದಾರ್ಶನಿಕನ ವಿಚಾರವು ದೊರೆಯಲ್ಲಿಯಾಗಲಿ ರಾಜಕೀಯ ಚಳವಳಿಯಲ್ಲಿಯಾಗಲಿ ಯಥಾವತ್ತಾಗಿ ಪ್ರವೇಶಿಸುವುದಿಲ್ಲ. ಆಯ್ಕೆಯೂ ರೂಪಾಂತರವೂ ಅನಿವಾರ್ಯ. ಅದು ಒಂಟಿಯಾಗಿಯೂ ಬರುವುದಿಲ್ಲ. ಚಿನ್ನ, ನೀರು, ನೆಲ ಇವುಗಳ ಆಸೆಯೊಡನೆ ಬರುತ್ತದೆ. ಅದನ್ನು ಜನರಿಗೆ ಮುಟ್ಟಿಸುವವರು ಅಧಿಕಾರಿಗಳು. ಅವರ ಮೇಲೆ ಕಣ್ಣಿಲ್ಲದಿದ್ದರೆ ಅದು ಕೆಡುತ್ತದೆ. ಇವೆಲ್ಲಕ್ಕೂ ಮಿಗಿಲಾಗಿ, ಅದು ಚಿಕ್ಕವನನ್ನೂ ಅನ್ಯಮತದವನನ್ನೂ ಒಳಗೊಳ್ಳುತ್ತದೆಯೆ ಎಂಬುದರ ಮೇಲೆ ಅದರ ಗುಣದೋಷವು ನಿಂತಿದೆ. ಮಸ್ಕಿಯ ಬಂಡೆಯೂ ಸಿಂಧನೂರಿನ ಕ್ಯಾಂಪುಗಳೂ ಒಂದೇ ಸೀಮೆಯಲ್ಲಿದ್ದು ಈ ಪರೀಕ್ಷೆಯ ಎರಡು ಫಲಗಳನ್ನು ತೋರಿಸುತ್ತವೆ.

ಸನ್ನತಿಯಲ್ಲಿ ದೊರೆತಿರುವ ಹನ್ನೆರಡನೆಯ ಶಾಸನವು ತನ್ನ ಪಂಥವನ್ನು ಹೊಗಳುವ ಭರದಲ್ಲಿ ಪರಪಂಥವನ್ನು ಹಳಿಯುವವನು ತನ್ನದಕ್ಕೇ ಕೇಡನ್ನು ಮಾಡಿಕೊಳ್ಳುವನೆಂದು ಹೇಳಿ, ಸಮವಾಯವನ್ನು, ಎಂದರೆ ಒಂದುಗೂಡಿ ಒಬ್ಬರ ಧರ್ಮವನ್ನು ಮತ್ತೊಬ್ಬರು ಕೇಳುವುದನ್ನು, ವಿಧಿಸುತ್ತದೆ. ಸನ್ನತಿಗೆ ದೂರವಲ್ಲದ ಮಾನ್ಯಖೇಟದ ರಾಷ್ಟ್ರಕೂಟರ ಆಸ್ಥಾನದಲ್ಲಿ, ಒಂಬತ್ತನೆಯ ಶತಮಾನದಲ್ಲಿ ಹುಟ್ಟಿದ ಕವಿರಾಜಮಾರ್ಗವೂ ಪರವಿಚಾರವನ್ನೂ ಪರಧರ್ಮವನ್ನೂ ಸಹಿಸುವ ಶಕ್ತಿಯನ್ನೇ ನಿಜವಾದ ಹೊನ್ನೆಂದು ಎಣಿಸಿದೆ. ನೃಪತುಂಗನ ಸಭೆಯವರು ಅಶೋಕನ ಶಾಸನವನ್ನು ಓದಿದ್ದರೆಂದು ಹೇಳುವುದಕ್ಕೆ ಆಧಾರವಿಲ್ಲ. ಆ ಲಿಪಿಯು ಆ ವೇಳೆಗೆ ಬಲುಮಟ್ಟಿಗೆ ಮಾರ್ಪಟ್ಟಿದ್ದಿತು. ಚಿನ್ನದ ನೆಲದ ದೊರೆಯೊಬ್ಬನು ಬಂಡೆಯಲ್ಲಿ ಬರೆಯಿಸಿದುದನ್ನು ಸಾವಿರ ವರ್ಷಗಳ ಮೇಲೆ ಕನ್ನಡದ ಮೊದಲ ಲಕ್ಷಣಗ್ರಂಥವು ತಾನಾಗಿಯೇ ಕಂಡುಕೊಂಡಿತು. ಸಾಹಿತ್ಯವನ್ನು ಪಾಠಹೇಳುವವರು ಆ ಪದ್ಯಕ್ಕೆ ಅರ್ಥವನ್ನು ಹೇಳುವಾಗ ಮಸ್ಕಿಯ ಬಂಡೆಯನ್ನೂ ಅದರ ನೆರೆಯ ಕ್ಯಾಂಪುಗಳನ್ನೂ ವಿದ್ಯಾರ್ಥಿಗಳಿಗೆ ತೋರಿಸುವುದು ಯುಕ್ತವಾಗಿರುತ್ತದೆ.